ಓಮ್ನಿಯೊಳಗೊಂದು ಕಂಪ್ಯೂಟರ್: ಖಾನಾಪುರ ಲೈನಿನಲ್ಲಿ ನಾವು ಕಲಿತ ಲೆಕ್ಕ

“ಕಾರಿನೊಳಗೆ ಕಂಪ್ಯೂಟರಾ? ಅದೆಂತಕ್ಕೆ ಮಾರಾಯ್ರೆ? ಕೈಯಲ್ಲಿ ಮೊಬೈಲ್ ಇಲ್ವಾ?”

ಊರಿಗೆ ಹೋದಾಗಲೆಲ್ಲ ನಮಗೆ ಎದುರಾಗುವ ಪ್ರಶ್ನೆ ಇದು. ಮದುವೆ ಮನೆಯಲ್ಲಿ ಊಟಕ್ಕೆ ಕೂತಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ನಮ್ಮ ಹಳೇ ಓಮ್ನಿ ಕಾರನ್ನು ನೋಡಿದವರಿಗೆ ನಗು ಬರುವುದು ಸಹಜ. ಹಿಂದೆ ಒಣಮೀನಿನ ಚೀಲ, ತೆಂಗಿನೆಣ್ಣೆಯ ಡಬ್ಬ, ಮೆಣಸಿನ ಮೂಟೆ. ಮುಂದೆ ಎಡಗಡೆ ಸೀಟಿನೆದುರು ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಏಳು ಇಂಚಿನ ಪರದೆ. ಕಂಪನಿಯಿಂದ ಬಂದದ್ದಲ್ಲ, ಅಂಗಡಿಯಲ್ಲಿ ಕೂರಿಸಿದ್ದೂ ಅಲ್ಲ. ನಾವೇ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ಕಟ್ಟಿದ್ದು. ಕಟ್ಟಿದ್ದು ಹೇಗೆ, ಎಷ್ಟು ಖರ್ಚಾಯಿತು, ಎಲ್ಲಿ ಎಡವಿದೆವು ಎಂದು ಬಹಳ ಮಂದಿ ಕೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ಎಡವಿದ್ದನ್ನು ಮುಚ್ಚಿಟ್ಟರೆ ಬರೆದೂ ಪ್ರಯೋಜನವಿಲ್ಲ. ಹಾಗಾಗಿ ಅದನ್ನೂ ಹೇಳುತ್ತೇವೆ.

ಬೆಳಗಾವಿಯಿಂದ ಖಾನಾಪುರದ ಲೈನ್

ಬ್ಯಾರಿಗಳು ವ್ಯಾಪಾರಕ್ಕಾಗಿ ಘಟ್ಟ ಹತ್ತಿದ್ದು ಇಂದು ನಿನ್ನೆಯ ಮಾತಲ್ಲ. ನಮ್ಮ ಬಾಪ ಬೆಳಗಾವಿಗೆ ಬಂದು ಸಣ್ಣ ಅಂಗಡಿ ಹಾಕಿದರು. ಈಗ ನಾವು ಅಣ್ಣತಮ್ಮಂದಿರು ಸೇರಿ ಅದನ್ನೇ ನಡೆಸುತ್ತಿದ್ದೇವೆ. ಮಂಗಳೂರಿನಿಂದ ಒಣಮೀನು, ತೆಂಗಿನೆಣ್ಣೆ, ಮಸಾಲೆ ಸಾಮಾನು ತರಿಸಿ ಬೆಳಗಾವಿ ನಗರದಲ್ಲೂ ಖಾನಾಪುರ ತಾಲೂಕಿನಲ್ಲೂ ಕಿರಾಣಿ ಅಂಗಡಿಗಳಿಗೆ ಹಾಕುವುದು ನಮ್ಮ ಕೆಲಸ. ವಾರಕ್ಕೊಮ್ಮೆ, ಮಂಗಳವಾರ, ಖಾನಾಪುರದ ಲೈನ್.

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಉದ್ಯಮಬಾಗ್, ಪೀರನವಾಡಿ, ಮಚ್ಛೆ ದಾಟಿದರೆ ಮುಂದೆ ಒಳ್ಳೆಯ ಹೆದ್ದಾರಿ. ಅಲ್ಲಿಯ ತನಕ ಮೊಬೈಲಿಗೆ ಏನೂ ತೊಂದರೆ ಇಲ್ಲ. ತೊಂದರೆ ಶುರುವಾಗುವುದು ಖಾನಾಪುರ ಬಿಟ್ಟು ಜಾಂಬೋಟಿ, ಕಣಕುಂಬಿ ಕಡೆ ತಿರುಗಿದ ಮೇಲೆ. ಕಣಕುಂಬಿ ಎಂದರೆ ಮಲಪ್ರಭಾ ನದಿ ಹುಟ್ಟುವ ಜಾಗ. ಅತ್ತ ಗೋವಾದ ಚೋರ್ಲಾ ಘಾಟ್, ಇತ್ತ ಭೀಮಗಡದ ಕಾಡು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕರಾವಳಿಯ ಮಳೆಯನ್ನೇ ನೆನಪಿಸುವ ಮಳೆ. ಆ ದಾರಿಯಲ್ಲಿ ಸಿಗ್ನಲ್ ಒಂದು ತಿರುವಿನಲ್ಲಿ ಬರುತ್ತದೆ, ಇನ್ನೊಂದು ತಿರುವಿನಲ್ಲಿ ಹೋಗುತ್ತದೆ.

ಅಲ್ಲಿನ ಅಂಗಡಿಗಳ ವ್ಯವಹಾರ ಎಲ್ಲ ಉದ್ರಿ. ಈ ವಾರ ಸಾಮಾನು ಕೊಟ್ಟರೆ ಮುಂದಿನ ವಾರ ಹಣ. ನಾವು ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದೆವು. ಪುಸ್ತಕ ಮಳೆಗೆ ಒದ್ದೆಯಾಯಿತೆಂದು ಮೊಬೈಲಿನ ಬಿಲ್ ಆ್ಯಪಿಗೆ ಹೋದೆವು. ನಾವು ಹಾಕಿಕೊಂಡಿದ್ದ ಆ್ಯಪ್ ನೆಟ್ ಇಲ್ಲದಿದ್ದರೆ ಸೇವ್ ಆಗುತ್ತಿರಲಿಲ್ಲ. ಚಕ್ರ ತಿರುಗುತ್ತಾ ನಿಲ್ಲುತ್ತಿತ್ತು. ಮತ್ತೊಂದು ಸಮಸ್ಯೆ, ಮೊಬೈಲ್ ಅದರ ಯಜಮಾನನ ಜೊತೆ ಹೋಗುತ್ತದೆ. ಒಂದು ವಾರ ಅಣ್ಣ ಲೈನಿಗೆ ಹೋದರೆ ಇನ್ನೊಂದು ವಾರ ಅವನ ಮಗ. ಒಬ್ಬನ ಮೊಬೈಲಿನಲ್ಲಿದ್ದ ಬಾಕಿ ಇನ್ನೊಬ್ಬನಿಗೆ ಕಾಣುತ್ತಿರಲಿಲ್ಲ. ಲೆಕ್ಕ ಗಾಡಿಯ ಜೊತೆಗೇ ಇರಬೇಕು, ನೆಟ್ ಇಲ್ಲದೆಯೂ ನಡೆಯಬೇಕು, ಅಣ್ಣನ ಕಣ್ಣಿಗೆ ಕನ್ನಡಕ ಇಲ್ಲದೆ ಕಾಣಬೇಕು. ನಮಗೆ ಬೇಕಾಗಿದ್ದದ್ದು ಇಷ್ಟೆ.

ಇದನ್ನು ಮೊಬೈಲಿನಲ್ಲೂ ಮಾಡಬಹುದಲ್ಲವೇ ಎಂದು ನೀವು ಕೇಳಿದರೆ, ಮಾಡಬಹುದು. ನೆಟ್ ಇಲ್ಲದೆ ನಡೆಯುವ ಆ್ಯಪ್‌ಗಳೂ ಇವೆ. ಒಬ್ಬನೇ ವ್ಯಾಪಾರ ಮಾಡುವವನಿಗೆ ಅದೇ ಸಾಕು. ಆದರೆ ನಮ್ಮ ಅಣ್ಣನ ಮಗಳು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಾಳೆ. “ಎಳಿಯಾಪ್ಪ ಅದಕ್ಕೆ ಯಾಕೆ ದುಡ್ಡು ಕೊಡ್ತೀರಿ, ನಾನೇ ಕಟ್ಟಿ ಕೊಡ್ತೇನೆ” ಅಂದಳು. ನಾವು ನಕ್ಕೆವು. ಅವಳು ನಗಲಿಲ್ಲ.

ಕನ್ನಡ ನಾಡಿಗೆ ಇದು ಹೊಸದಲ್ಲ

ಮನೆಯಲ್ಲೇ ಕಾರಿಗೆ ಕಂಪ್ಯೂಟರ್ ಕಟ್ಟುವ ಹವ್ಯಾಸ ಹೊರದೇಶಗಳಲ್ಲಿ 2000ದ ನಂತರ ಜೋರಾಯಿತು. 2001ರಲ್ಲಿ ತೈವಾನಿನ ವಿಯಾ ಕಂಪನಿ 17 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ‘ಮಿನಿ ಐಟಿಎಕ್ಸ್’ ಬೋರ್ಡ್ ತಂದಿತು. ಅಷ್ಟು ಸಣ್ಣ ಬೋರ್ಡ್ ಸಿಕ್ಕಿದ ಮೇಲೆ ಜನ ಅದನ್ನು ಕಾರಿನ ಸೀಟಿನ ಕೆಳಗೆ, ಡಿಕ್ಕಿಯಲ್ಲಿ ಕೂರಿಸಿ ಹಾಡು ಕೇಳಲು, ನಕ್ಷೆ ನೋಡಲು ಬಳಸಿದರು.

ಅದೇ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲಿ ಇನ್ನೂ ದೊಡ್ಡ ಕನಸೊಂದು ನಡೆಯುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ ‘ಸಿಂಪ್ಯೂಟರ್’ ಮಾಡಿದರು. ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಅದು. 2001ರಲ್ಲಿ ಮಾದರಿ ತೋರಿಸಿದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಾಗಿ ‘ಅಮಿಡಾ ಸಿಂಪ್ಯೂಟರ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಲಿನಕ್ಸ್ ಮೇಲೆ ನಡೆಯುವಂಥದ್ದು. ಒಂದು ಊರಿನ ಹಲವರು ಒಂದೇ ಯಂತ್ರವನ್ನು ಹಂಚಿಕೊಂಡು ಬಳಸಲಿ ಎಂದು ಅದರಲ್ಲಿ ಸ್ಮಾರ್ಟ್ ಕಾರ್ಡ್ ಹಾಕುವ ಜಾಗ ಇತ್ತು. ನನ್ನ ಲೆಕ್ಕ ನನ್ನ ಕಾರ್ಡಿನಲ್ಲಿ, ನಿಮ್ಮ ಲೆಕ್ಕ ನಿಮ್ಮ ಕಾರ್ಡಿನಲ್ಲಿ. ಓದಲು ಬಾರದವರಿಗೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವೂ ಆ ಕೆಲಸದಿಂದಲೇ ಬಂತು. ಅದರ ವಿನ್ಯಾಸವನ್ನು ಅವರು ಬಚ್ಚಿಡಲೂ ಇಲ್ಲ. ಬೇರೆಯವರೂ ನೋಡಿ ಮಾಡುವ ಹಾಗೆ ಬಿಟ್ಟುಕೊಟ್ಟರು. ಅಂದುಕೊಂಡಷ್ಟು ಅದು ಮಾರಾಟವಾಗಲಿಲ್ಲ, ಮುಂದೆ ಮೊಬೈಲ್ ಬಂದು ಎಲ್ಲವನ್ನೂ ನುಂಗಿತು. ಆದರೂ ಹಳ್ಳಿಯ ಲೆಕ್ಕಕ್ಕೆ, ನಮ್ಮ ಭಾಷೆಯಲ್ಲಿ, ಕಡಿಮೆ ಬೆಲೆಗೆ ಒಂದು ಯಂತ್ರ ಎಂಬ ಯೋಚನೆ ನಮ್ಮ ರಾಜ್ಯದಲ್ಲಿ ಆಗಲೇ ಬಂದಿತ್ತು ಎನ್ನುವುದು ನಮಗೆ ಖುಷಿ ಕೊಡುವ ವಿಷಯ.

ನಾವು ಬಳಸಿದ್ದು ‘ರಾಸ್ಪ್‌ಬೆರಿ ಪೈ’ ಎಂಬ ಬೋರ್ಡ್. ಮಕ್ಕಳು ಕಂಪ್ಯೂಟರ್ ಕಲಿಯಲಿ ಎಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಜೊತೆಗಾರರು ರೂಪಿಸಿದ ಇದು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂತು. ಅಗಲ 56 ಮಿಲಿಮೀಟರ್, ಉದ್ದ 85 ಮಿಲಿಮೀಟರ್. ಎಟಿಎಂ ಕಾರ್ಡಿನಷ್ಟೇ ದೊಡ್ಡದು. 5 ವೋಲ್ಟ್ ಕೊಟ್ಟರೆ ಪೂರ್ತಿ ಕಂಪ್ಯೂಟರ್.

ಏನೆಲ್ಲ ಬೇಕು?

ನಾವು ಕಟ್ಟಿದಾಗ ಆದ ಖರ್ಚು ಹೀಗಿದೆ. ಬೆಲೆ ಏರುತ್ತದೆ, ಇಳಿಯುತ್ತದೆ. ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ರಾಸ್ಪ್‌ಬೆರಿ ಪೈ 4 ಬೋರ್ಡ್ 4,200 ರೂಪಾಯಿ. ಏಳು ಇಂಚಿನ ಟಚ್ ಪರದೆ 3,900. 32 ಜಿಬಿ ಮೆಮೊರಿ ಕಾರ್ಡ್ 450. 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಕನ್ವರ್ಟರ್ 350. ವೈರು, ಫ್ಯೂಸು, ಸ್ವಿಚ್ಚು 300. ಸಣ್ಣ ವಯರ್‌ಲೆಸ್ ಕೀಬೋರ್ಡ್ 700. ಅಲ್ಯೂಮಿನಿಯಂ ತಗಡು ಬಗ್ಗಿಸಿ ಪೆಟ್ಟಿಗೆ ಮಾಡಿಸಿದ್ದಕ್ಕೆ ಉದ್ಯಮಬಾಗಿನಲ್ಲಿ 400. ಒಟ್ಟು 10,300.

ಉದ್ಯಮಬಾಗ್ ಬಗ್ಗೆ ಒಂದು ಮಾತು. ಬೆಳಗಾವಿ ಎಂದರೆ ಊರಿನವರಿಗೆ ಕುಂದಾ ಮಾತ್ರ ನೆನಪಾಗುತ್ತದೆ. ಆದರೆ ಇದು ಫೌಂಡ್ರಿಗಳ ಊರು, ಲೇತ್ ಮಷೀನಿನ ಊರು. ತುಂಡು ತಗಡು ಹಿಡಿದುಕೊಂಡು ಹೋಗಿ “ಇಷ್ಟು ಉದ್ದ, ಇಷ್ಟು ಅಗಲ, ಇಲ್ಲಿ ನಾಲ್ಕು ತೂತು” ಎಂದರೆ ಕೆಲಸ ಬಿಟ್ಟು ಮಾಡಿ ಕೊಡುವವರಿದ್ದಾರೆ. ಹುಡುಗಿ ಒಬ್ಬಳು ಕಾಗದದಲ್ಲಿ ನಕ್ಷೆ ಬರೆದು ತಂದಿದ್ದಾಳೆಂದು ಅಲ್ಲಿಯ ಹಿರಿಯ ಮಿಸ್ತ್ರಿಯೊಬ್ಬರು ಚಹಾ ತರಿಸಿ ಕೊಟ್ಟರು.

ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಇಲ್ಲ. ರಾಸ್ಪ್‌ಬೆರಿ ಪೈ ಓಎಸ್ ಉಚಿತ, ಲಿಬ್ರೆ ಆಫೀಸ್ ಉಚಿತ. ಕನ್ನಡ ಅಕ್ಷರ ಮೊದಲಿಗೆ ಚೌಕ ಚೌಕವಾಗಿ ಕಂಡಿತು. ಕನ್ನಡ ಫಾಂಟ್ ಹಾಕಿದ ಮೇಲೆ ಸರಿಹೋಯಿತು. ಅಂಗಡಿಗಳ ಹೆಸರೆಲ್ಲ ಕನ್ನಡದಲ್ಲೇ. ನಮ್ಮೊಳಗಿನ ಗುಟ್ಟಿನ ಟಿಪ್ಪಣಿ ಬ್ಯಾರಿಯಲ್ಲಿ, ಅದೂ ಕನ್ನಡ ಅಕ್ಷರದಲ್ಲೇ. ಲೆಕ್ಕದ ಹಾಳೆಯಲ್ಲಿ ಐದು ಕಂಬ: ದಿನಾಂಕ, ಅಂಗಡಿ, ಕೊಟ್ಟ ಸಾಮಾನು, ಜಮಾ, ಬಾಕಿ. ದಿನಾಂಕವನ್ನು ಕೈಯಲ್ಲಿ ಬರೆಯಬೇಕಿಲ್ಲ. ಎರಡು ಕೀ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಆ ದಿನದ ತಾರೀಕನ್ನು ತಾನೇ ಹಾಕುತ್ತದೆ. ಈ ಅನುಕೂಲವೇ ಮುಂದೆ ನಮಗೆ ಮುಳುವಾಯಿತು.

ಮೊದಲ ಪಾಠ: ಬ್ಯಾಟರಿ

ಕಾರಿನ ಬ್ಯಾಟರಿ 12 ವೋಲ್ಟ್ ಎಂದು ನಾವೆಲ್ಲ ಹೇಳುತ್ತೇವೆ. ನಿಜಕ್ಕೂ ಅದು 12ರಲ್ಲಿ ನಿಲ್ಲುವುದಿಲ್ಲ. ಪೂರ್ತಿ ಚಾರ್ಜ್ ಆಗಿ ಸುಮ್ಮನಿದ್ದಾಗ 12.6ರ ಆಸುಪಾಸು. ಎಂಜಿನ್ ಓಡುವಾಗ 14ರ ಆಸುಪಾಸು. ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ 10ಕ್ಕೂ ಕೆಳಗೆ ಬೀಳಬಹುದು. ಕೆಲವೊಮ್ಮೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಹಳ ಮೇಲಕ್ಕೂ ಹಾರುತ್ತದೆ. ಆದ್ದರಿಂದ ಕನ್ವರ್ಟರ್ ಕೊಳ್ಳುವಾಗ 8ರಿಂದ 36 ವೋಲ್ಟ್ ತನಕ ತಡೆದುಕೊಳ್ಳುವಂಥದ್ದನ್ನೇ ಕೊಳ್ಳಿ. ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪಿಯರ್ ಬೇಕು. ಅದಕ್ಕಿಂತ ಕಡಿಮೆಯದ್ದು ಹಾಕಿದರೆ ಪರದೆಯಲ್ಲಿ ಮಿಂಚಿನ ಗುರುತು ಬರುತ್ತದೆ, ಆಮೇಲೆ ತನ್ನಷ್ಟಕ್ಕೆ ಆಫ್ ಆಗುತ್ತದೆ. ಬ್ಯಾಟರಿಯಿಂದ ಬರುವ ವೈರಿಗೆ, ಬ್ಯಾಟರಿಯ ಹತ್ತಿರದಲ್ಲೇ, ಫ್ಯೂಸ್ ಹಾಕಲೇಬೇಕು. ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ.

ಇಷ್ಟೆಲ್ಲ ತಿಳಿದೂ ನಾವು ಒಂದು ತಪ್ಪು ಮಾಡಿದೆವು. ಕಂಪ್ಯೂಟರಿನ ವೈರನ್ನು ನೇರ ಬ್ಯಾಟರಿಗೆ ಕೊಟ್ಟೆವು. ಒಂದು ಶನಿವಾರ ಸಂಜೆ ಗಾಡಿ ನಿಲ್ಲಿಸಿದವರು ಅದನ್ನು ಆಫ್ ಮಾಡಲು ಮರೆತೆವು. ಸೋಮವಾರ ಬೆಳಿಗ್ಗೆ ಉಮ್ಮನಿಗೆ ಶುಗರ್ ಇಳಿದು ಮೈಯೆಲ್ಲ ಬೆವರಿತು. ಬಾಯಿಗೆ ಸಕ್ಕರೆ ಹಾಕಿ, ಎತ್ತಿ ತಂದು ಗಾಡಿಯಲ್ಲಿ ಕೂರಿಸಿ ಕೀ ತಿರುಗಿಸಿದರೆ ‘ಟಕ್’ ಎಂಬ ಸದ್ದು ಮಾತ್ರ. ಪಕ್ಕದ ಮನೆಯವರ ರಿಕ್ಷಾ ಸಿಕ್ಕಿದ್ದರಿಂದ ಆಸ್ಪತ್ರೆ ಸೇರಿದೆವು. ಅಲ್‌ಹಮ್ದುಲಿಲ್ಲಾಹ್, ಮಧ್ಯಾಹ್ನಕ್ಕೆ ಉಮ್ಮ ಎದ್ದು ಕೂತು ಗಂಜಿ ಕುಡಿದರು. ಆ ಅರ್ಧ ಗಂಟೆ ನಮಗೆ ಈಗಲೂ ಮರೆತಿಲ್ಲ.

ಮಗಳು ಲೆಕ್ಕ ಹಾಕಿ ತೋರಿಸಿದಳು. ಪರದೆ ಸೇರಿ ಕಂಪ್ಯೂಟರಿಗೆ ಸುಮಾರು 10 ವ್ಯಾಟ್. 12 ವೋಲ್ಟಿನಲ್ಲಿ ಅದು 0.83 ಆಂಪಿಯರ್. ಏನೂ ಅಲ್ಲ ಎನಿಸುತ್ತದೆ. ಆದರೆ ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಗೆ 36 ಗಂಟೆ. 36ನ್ನು 0.83ರಿಂದ ಗುಣಿಸಿದರೆ 30. ನಮ್ಮ ಬ್ಯಾಟರಿಯೇ 35 ಎಎಚ್. ಇನ್ನು ಸ್ಟಾರ್ಟ್ ಆಗುವುದೆಲ್ಲಿಂದ?

ಅಂದೇ ವೈರು ಬದಲಿಸಿದೆವು. ಈಗ ಕೀ ಹಾಕಿದರೆ ಮಾತ್ರ ಕಂಪ್ಯೂಟರಿಗೆ ಕರೆಂಟು. ಕೀ ತೆಗೆದ ಕೂಡಲೇ ಕರೆಂಟು ಹೋದರೆ ಮೆಮೊರಿ ಕಾರ್ಡ್ ಕೆಡುತ್ತದೆ, ಬರೆದದ್ದೂ ಹೋಗಬಹುದು. ಅದಕ್ಕೆ ಒಂದು ಟೈಮರ್ ರಿಲೇ ಇಟ್ಟಿದ್ದೇವೆ. ಕೀ ತೆಗೆದ ಮೇಲೂ ಎರಡು ನಿಮಿಷ ಕರೆಂಟು ಇರುತ್ತದೆ, ಅಷ್ಟರಲ್ಲಿ ಕಂಪ್ಯೂಟರ್ ತಾನೇ ಶಟ್‌ಡೌನ್ ಆಗುತ್ತದೆ. ಲೈನ್ ಇಲ್ಲದ ದಿನ ಬಳಸಲು ಬೇಡವೆಂದು ಬೇರೆ ಒಂದು ಸ್ವಿಚ್ಚೂ ಇದೆ.

ಎರಡನೇ ಪಾಠ: ಗಡಿಯಾರ

ನಾವು ನಿಜವಾಗಿ ಹೇಳಬೇಕೆಂದು ಕೂತದ್ದು ಇದನ್ನು.

ಜಾಂಬೋಟಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಹಳೇ ಗಿರಾಕಿಯೊಬ್ಬರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಅಲ್ಲಿ ದೊಡ್ಡವರನ್ನು ‘ಕಾಕಾ’ ಎಂದು ಕರೆಯುತ್ತಾರೆ. ನಮ್ಮಲ್ಲೂ ‘ಕಾಕ’. ಅವರಿಗೆ ಅದು ಚಿಕ್ಕಪ್ಪ, ನಮಗೆ ಅಣ್ಣ. ಮರ್ಯಾದೆ ಒಂದೇ. ಬಾಪನ ಕಾಲದಿಂದ ನಮ್ಮ ಸಾಮಾನು ತೆಗೆದುಕೊಳ್ಳುವವರು. ವಾರ ವಾರ ಒಂದೇ ಸಾಮಾನು, ಒಂದೇ ಅಳತೆ. ಹಾಗಾಗಿ ಬಿಲ್ಲೂ ಒಂದೇ: 4,350 ರೂಪಾಯಿ.

2024ರ ಜುಲೈ ತಿಂಗಳು. ಜುಲೈ 21ರ ಭಾನುವಾರ ಲೆಕ್ಕ ಹೊಂದಿಸುವಾಗ ಅಣ್ಣನ ಮಗ ಕಾಕಾರ ಹೆಸರಿನ ಮುಂದೆ ಜುಲೈ 2ರಂದು 4,350 ರೂಪಾಯಿ ಜಮಾ ಎರಡು ಸಲ ಇರುವುದನ್ನು ನೋಡಿದ. ಒಂದೇ ತಾರೀಕು, ಒಂದೇ ಅಂಗಡಿ, ಒಂದೇ ಮೊತ್ತ. ಕೀ ಎರಡು ಸಲ ಒತ್ತಿ ಹೋಗಿದೆ ಎಂದುಕೊಂಡು ಒಂದನ್ನು ಅಳಿಸಿದ. ನಾವು ಯಾರಾದರೂ ಅವನ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆವು. ಕಾಕಾರ ಬಾಕಿ ಒಂದು ವಾರದ್ದು ಹೆಚ್ಚಾಯಿತು.

ಮುಂದಿನ ಮಂಗಳವಾರ ಹೋಗಿ ಕೇಳಿದೆವು. “ಕಾಕಾ, ಒಂದು ವಾರದ್ದು ಬಾಕಿ ಉಳಿದಿದೆ.”

ಅವರು ತಕ್ಕಡಿ ಕೆಳಗಿಟ್ಟರು. “ಇಲ್ರಿ ಭಾಯಿ. ವಾರಾ ವಾರಾ ಕೊಟ್ಟೇನಲ್ಲ. ಆ ಮಂಗಳವಾರ ಮಳಿಯೊಳಗ ನೀವ ಬಂದಿದ್ರಿ. ನೋಟು ತೊಯ್ದಿದ್ವು ಅಂತ ಒಲಿ ಮುಂದ ಹಿಡದು ಆರಿಸಿ ಕೊಟ್ಟೇನಿ.”

ನಾವು ಪರದೆಯನ್ನು ತೋರಿಸಿದೆವು. ನೋಡಿ, ಇಲ್ಲಿ ಇಲ್ಲ.

ಅವರು ಪರದೆ ನೋಡಲಿಲ್ಲ, ನಮ್ಮನ್ನು ನೋಡಿದರು. “ನಿಮ್ಮ ಮಷೀನ್ ಏನ್ ಹೇಳತೈತಿ ನನಗ ಗೊತ್ತಿಲ್ರಿ. ನಿಮ್ಮ ಅಪ್ಪಾರು ಇದ್ದಾಗ ಒಂದ ಸಲಾನೂ ಹಿಂಗ ಕೇಳಿರಲಿಲ್ಲ.” ಅಷ್ಟು ಹೇಳಿ ಗಲ್ಲಾ ಪೆಟ್ಟಿಗೆ ತೆರೆದು 4,350 ರೂಪಾಯಿ ಎಣಿಸಿ ಹಲಗೆಯ ಮೇಲಿಟ್ಟರು. “ತಗೊಳ್ರಿ. ಮುಂದಿನ ವಾರದಿಂದ ಸಾಮಾನು ಬ್ಯಾಡ.”

ನಾವು ಹಣ ತೆಗೆದುಕೊಂಡು ಬಂದೆವು. ಬರೆಯಲು ನಾಚಿಕೆಯಾಗುತ್ತದೆ, ಆದರೆ ತೆಗೆದುಕೊಂಡೆವು. ಕಂಪ್ಯೂಟರ್ ತಪ್ಪು ಹೇಳುವುದಿಲ್ಲ, ವಯಸ್ಸಾದವರಿಗೆ ಮರೆವು ಎಂದು ದಾರಿಯುದ್ದಕ್ಕೂ ನಮಗೆ ನಾವೇ ಹೇಳಿಕೊಂಡೆವು.

ಮನೆಗೆ ಬಂದು ಊಟಕ್ಕೆ ಕೂತಾಗ ಒಲೆಯ ಮುಂದೆ ಹಿಡಿದ ನೋಟಿನ ಮಾತು ಬಂತು. ಅಣ್ಣನ ಕೈ ಬಟ್ಟಲಲ್ಲೇ ನಿಂತಿತು. “ಹೌದಲ್ಲ, ನೋಟು ಬಿಸಿ ಇತ್ತು” ಅಂದ. “ಆ ದಿನ ಚಹಾ ಕೊಟ್ಟಿದ್ದರು. ಅದು 2ನೇ ತಾರೀಕಲ್ಲ. 2ನೇ ತಾರೀಕು ಮಳೆಯೇ ಇರಲಿಲ್ಲ, ನಾವು ಸಾಮಾನು ಅಂಗಳದಲ್ಲೇ ಇಳಿಸಿದ್ದೆವು.”

ಮಗಳು ಊಟ ಬಿಟ್ಟು ಗಾಡಿಯ ಹತ್ತಿರ ಓಡಿದಳು. ಹತ್ತು ನಿಮಿಷದಲ್ಲಿ ವಾಪಸ್ ಬಂದಳು. ಮುಖ ಬಿಳಿಚಿತ್ತು. “ಎಳಿಯಾಪ್ಪ, ಕಂಪ್ಯೂಟರಿನಲ್ಲಿ ಇವತ್ತು ಜುಲೈ 3.”

ಅಂದು ಜುಲೈ 23.

ಆದದ್ದು ಇಷ್ಟು. ಮನೆಯ ಕಂಪ್ಯೂಟರಿನಲ್ಲಾಗಲಿ ಲ್ಯಾಪ್‌ಟಾಪಿನಲ್ಲಾಗಲಿ ಒಳಗೊಂದು ಸಣ್ಣ ಗುಂಡು ಸೆಲ್ ಇರುತ್ತದೆ, ಇಲ್ಲವೇ ಬ್ಯಾಟರಿಯೇ ಗಡಿಯಾರ ನಡೆಸುತ್ತದೆ. ಯಂತ್ರ ಆಫ್ ಆದರೂ ಗಡಿಯಾರ ನಡೆಯುತ್ತಲೇ ಇರುತ್ತದೆ. ರಾಸ್ಪ್‌ಬೆರಿ ಪೈ 4ರಲ್ಲಿ ಅದು ಇಲ್ಲ. ಅದು ಆನ್ ಆದಾಗ ನೆಟ್‌ನಿಂದ ಸಮಯ ಕೇಳಿ ತಿಳಿದುಕೊಳ್ಳುತ್ತದೆ. ನೆಟ್ ಸಿಗದಿದ್ದರೆ ಕಳೆದ ಸಲ ಆಫ್ ಆದ ಹೊತ್ತಿನಿಂದಲೇ ಎಣಿಕೆ ಶುರು ಮಾಡುತ್ತದೆ. ಮೊದಲು ಗಾಡಿ ನಮ್ಮ ಅಂಗಳದಲ್ಲಿ ನಿಲ್ಲುತ್ತಿತ್ತು, ಮನೆಯ ವೈಫೈ ಸಿಗುತ್ತಿತ್ತು, ಗಡಿಯಾರ ಸರಿಯಾಗುತ್ತಿತ್ತು. ಜುಲೈ ಮೊದಲ ವಾರ ನಮ್ಮ ಗಲ್ಲಿಯಲ್ಲಿ ಚರಂಡಿಗೆ ಅಗೆದರು. ಗಾಡಿ ಎರಡು ಗಲ್ಲಿ ಆಚೆ ನಿಲ್ಲಿಸಬೇಕಾಯಿತು. ವೈಫೈ ಇಲ್ಲ, ಲೈನಿನಲ್ಲಿ ನೆಟ್ ಇಲ್ಲ. ಜುಲೈ 2ರ ಸಂಜೆ ಆಫ್ ಆದ ಕಂಪ್ಯೂಟರ್ ಜುಲೈ 9ರ ಬೆಳಿಗ್ಗೆ ಎದ್ದಾಗ ಅದಕ್ಕೆ ಇನ್ನೂ ಜುಲೈ 2ರ ಸಂಜೆಯೇ. ಕಾಕಾ 9ರಂದು ಕೊಟ್ಟ ಹಣಕ್ಕೆ ಅದು 2ನೇ ತಾರೀಕು ಹಾಕಿತು. 2ರಂದು ಕೊಟ್ಟ ಹಣಕ್ಕೂ 2ನೇ ತಾರೀಕು ಇತ್ತು. ಎರಡೂ ಸೇರಿ ಜೋಡಿಯಾಗಿ ಕಂಡವು.

ಪರದೆಯ ಮೂಲೆಯಲ್ಲಿ ಗಂಟೆ ತಪ್ಪು ತೋರಿಸುತ್ತಿದ್ದುದನ್ನು ನಾವು ನೋಡಿದ್ದೆವು. ಬೆಳಿಗ್ಗೆ ಹತ್ತಕ್ಕೆ ರಾತ್ರಿ ಒಂಬತ್ತು ತೋರಿಸುತ್ತಿತ್ತು. ಮಳೆಗೆ ಏನೋ ಆಗಿರಬೇಕು ಎಂದು ಬಿಟ್ಟೆವು. ಯಂತ್ರ ತನ್ನ ತಪ್ಪನ್ನು ಮುಚ್ಚಿಟ್ಟಿರಲಿಲ್ಲ. ನೋಡಿಯೂ ಸುಮ್ಮನಿದ್ದವರು ನಾವು.

ವಾಪಸ್ ಹೋದದ್ದು

ಮುಂದಿನ ಮಂಗಳವಾರದ ತನಕ ಕಾಯಲು ಮನಸ್ಸು ಬರಲಿಲ್ಲ. ಉಮ್ಮ ಒಂದೇ ಮಾತು ಹೇಳಿದ್ದು: “ಬೇರೆಯವರ ಹಕ್ಕು ಮನೆಯಲ್ಲಿಟ್ಟುಕೊಂಡು ಮಲಗಬೇಡಿ.” ಮರುದಿನ ಬೆಳಿಗ್ಗೆಯೇ ಹೊರಟೆವು. ಪೀರನವಾಡಿಯಿಂದ ನೇರ ಜಾಂಬೋಟಿ ರಸ್ತೆ ಹಿಡಿದೆವು. ಜೋರು ಮಳೆ. ಮಗಳೂ ಬಂದಳು. ತಾನು ಕಟ್ಟಿದ್ದರಿಂದ ತಪ್ಪು ತನ್ನದು ಎಂದು ಅವಳ ಹಠ.

ಕಾಕಾ ಬಾಗಿಲಲ್ಲೇ ಕೂತಿದ್ದರು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ನಾವು ಹಣ ಅವರ ಮುಂದಿಟ್ಟು ಆದದ್ದನ್ನೆಲ್ಲ ಹೇಳಿದೆವು. ಗಡಿಯಾರದ ವಿಷಯ ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅವರು ಒಳಗೆ ಹೋಗಿ ಎಣ್ಣೆ ಹಿಡಿದ ಒಂದು ಉದ್ದ ಪುಸ್ತಕ ತಂದರು. ಜುಲೈ 9, ಮಂಗಳವಾರ, 4,350. ಪಕ್ಕದಲ್ಲಿ ಅಣ್ಣನ ಸಹಿ! ಹಣ ತೆಗೆದುಕೊಂಡಾಗ ಅವರು ಪುಸ್ತಕ ಮುಂದೆ ಹಿಡಿಯುತ್ತಿದ್ದರು, ಅಣ್ಣ ಅಭ್ಯಾಸಬಲದಿಂದ ಗೀಚುತ್ತಿದ್ದ. ಅವತ್ತೇ ಆ ಪುಸ್ತಕ ತೋರಿಸಿದ್ದರೆ ನಮ್ಮ ಬಾಯಿ ಮುಚ್ಚುತ್ತಿತ್ತು.

“ಯಾಕ್ ತೋರಿಸಲಿಲ್ರಿ ಕಾಕಾ?” ಎಂದು ಮಗಳು ಕೇಳಿದಳು.

“ಬಾಯಿ ಮಾತಿಗೆ ನಂಬಿಕಿ ಇಲ್ಲಂದ್ರ ಪುಸ್ತಕ ತೋರ್ಸಿ ಏನ್ ಮಾಡೂದೈತಿ ಮಗಳ?” ಅಂದರು. ಆಮೇಲೆ ಒಳಗೆ ತಿರುಗಿ ಚಹಾ ಇಡಲು ಹೇಳಿದರು.

ಸಾಮಾನು ತೆಗೆದುಕೊಳ್ಳಲು ಮತ್ತೆ ಶುರು ಮಾಡಿದ್ದು ಒಂದು ತಿಂಗಳ ಮೇಲೆ.

ಈಗ ನಾವು ಮಾಡುವುದು

ಮೊದಲನೆಯದು, ಗಡಿಯಾರ. ‘ಡಿಎಸ್ 3231’ ಎಂಬ ಸಣ್ಣ ಗಡಿಯಾರದ ಬೋರ್ಡ್ 180 ರೂಪಾಯಿಗೆ ಸಿಕ್ಕಿತು. ಅದರಲ್ಲಿ ಗುಂಡು ಸೆಲ್ ಇರುತ್ತದೆ. ನಾಲ್ಕು ವೈರು ಜೋಡಿಸಿ, ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿದರೆ ಆಯಿತು. 5 ವೋಲ್ಟ್ ಕೊಡಬೇಡಿ, 3.3 ವೋಲ್ಟ್ ಪಿನ್ನಿಗೇ ಕೊಡಿ. ವರ್ಷಕ್ಕೆ ಒಂದು ನಿಮಿಷದ ಆಸುಪಾಸಿನ ವ್ಯತ್ಯಾಸ ಬಿಟ್ಟರೆ ಅದು ತಪ್ಪುವುದಿಲ್ಲ. ಪೈ 5 ಬೋರ್ಡಿನಲ್ಲಿ ಗಡಿಯಾರ ಒಳಗೇ ಇದೆ, ಆದರೆ ಅದರ ಬ್ಯಾಟರಿಯನ್ನು ಬೇರೆ ಕೊಂಡು ಹಾಕಬೇಕು. ಹಾಕದಿದ್ದರೆ ನಮ್ಮದೇ ಕಥೆ.

ಎರಡನೆಯದು, 500 ರೂಪಾಯಿಯ ಜಿಪಿಎಸ್ ರಿಸೀವರ್. ಜಿಪಿಎಸ್ ದಾರಿ ತೋರಿಸುವುದಕ್ಕೆ ಮಾತ್ರ ಎಂದು ನಾವು ತಿಳಿದಿದ್ದೆವು. ಅದರ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಅವು ಕಳಿಸುವುದೇ ಸಮಯವನ್ನು. ನಾಲ್ಕು ಉಪಗ್ರಹಗಳ ಸಮಯ ಹೋಲಿಸಿ ರಿಸೀವರ್ ನಾವೆಲ್ಲಿದ್ದೇವೆ ಎಂದು ಲೆಕ್ಕ ಹಾಕುತ್ತದೆ. ನಮ್ಮ ಇಸ್ರೋದ ನಾವಿಕ್ ಕೆಲಸ ಮಾಡುವುದೂ ಹೀಗೆಯೇ. ಅದರ ಮೊದಲ ಉಪಗ್ರಹ ಹೋದದ್ದು 2013ರ ಜುಲೈ 1ರಂದು. ಆಕಾಶ ಕಂಡರೆ ಸಾಕು, ನೆಟ್ ಬೇಡ. ದಟ್ಟ ಮರದ ಕೆಳಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೆ. ಓಪನ್ ಸ್ಟ್ರೀಟ್ ಮ್ಯಾಪಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ‘ನ್ಯಾವಿಟ್’ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ದಾರಿಯನ್ನೂ ನೋಡುತ್ತೇವೆ. ಒಟ್ಟು ಖರ್ಚು ಈಗ 10,980. ಟೈಮರ್ ರಿಲೇ ಮಗಳ ಕಾಲೇಜಿನ ಪ್ರಾಜೆಕ್ಟಿನಲ್ಲಿ ಉಳಿದದ್ದು, ಅದಕ್ಕೆ ದುಡ್ಡು ಕೊಡಲಿಲ್ಲ.

ಮೂರನೆಯದು, ಪ್ರತಿದಿನ ಸಂಜೆ ಲೆಕ್ಕವನ್ನು ಪೆನ್‌ಡ್ರೈವಿಗೆ ಇಳಿಸಿ ಮನೆಗೆ ತರುತ್ತೇವೆ. ಅಳಿಸುವುದನ್ನು ಬಿಟ್ಟಿದ್ದೇವೆ. ತಪ್ಪು ಅನಿಸಿದರೆ ಪಕ್ಕದಲ್ಲಿ ಗುರುತು ಹಾಕಿ, ಅಂಗಡಿಯವರನ್ನು ಕೇಳಿ, ಆಮೇಲೆ ತಿದ್ದುತ್ತೇವೆ.

ನಾಲ್ಕನೆಯದು, ಪುಸ್ತಕ ವಾಪಸ್ ಬಂದಿದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಟ್ಟಿದ್ದೇವೆ. ಹಣ ಕೊಟ್ಟವರ ಮುಂದೆಯೇ ಬರೆದು ಅವರಿಗೂ ತೋರಿಸುತ್ತೇವೆ.

ಕಟ್ಟುವವರಿಗೆ ನಾಲ್ಕು ಮಾತು

ಗಾಡಿ ಓಡಿಸುವವನು ಪರದೆ ಮುಟ್ಟಬಾರದು. ನಮ್ಮಲ್ಲಿ ಪರದೆ ಎಡಗಡೆ ಕೂತವನ ಕಡೆ ತಿರುಗಿದೆ. ಒಬ್ಬನೇ ಇದ್ದರೆ ಗಾಡಿ ಬದಿಗೆ ನಿಲ್ಲಿಸಿ ಬರೆಯಬೇಕು. ಓಡಿಸುವಾಗ ಕೈಯಲ್ಲಿ ಮೊಬೈಲ್ ಹಿಡಿಯುವುದನ್ನು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಅಪಾಯಕಾರಿ ಚಾಲನೆ ಎಂದೇ ಲೆಕ್ಕ ಹಾಕುತ್ತದೆ. ದಂಡಕ್ಕೆ ಹೆದರಿ ಅಲ್ಲ, ಮನೆಯಲ್ಲಿ ಕಾಯುವವರನ್ನು ನೆನೆದು ಪಾಲಿಸಿ.

ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಒಳಗೆ ಬೆಂಕಿಯಂಥ ಸೆಖೆ. ಪವರ್ ಬ್ಯಾಂಕ್ ಅಲ್ಲಿ ಬಿಟ್ಟು ಹೋಗಬೇಡಿ, ಅದರೊಳಗಿನ ಲಿಥಿಯಂ ಸೆಲ್ ಬಿಸಿಗೆ ಊದಿಕೊಳ್ಳುತ್ತದೆ, ಬೆಂಕಿಯೂ ಹಿಡಿಯಬಹುದು. ಪೈ ಬೋರ್ಡ್ 80 ಡಿಗ್ರಿ ಮುಟ್ಟಿದರೆ ತಾನೇ ನಿಧಾನವಾಗುತ್ತದೆ. ಪೆಟ್ಟಿಗೆಗೆ ಗಾಳಿಯ ತೂತು ಇರಲಿ. ಓಮ್ನಿ ಇದ್ದವರು ಸೀಟಿನ ಕೆಳಗೆ ಇಡಬೇಡಿ, ಅದರ ಎಂಜಿನ್ ಇರುವುದೇ ಅಲ್ಲಿ.

ಹೊಸ ಗಾಡಿಯಾದರೆ ಕಂಪನಿಯ ವೈರು ಕತ್ತರಿಸಬೇಡಿ, ಗ್ಯಾರಂಟಿಗೆ ತೊಂದರೆಯಾಗಬಹುದು. ಚಾರ್ಜರ್ ಹಾಕುವ 12 ವೋಲ್ಟ್ ಸಾಕೆಟ್ಟೇ ಸಾಕು. ಬ್ಯಾಟರಿಯ ಕೆಲಸ ತಿಳಿಯದಿದ್ದರೆ ಗೊತ್ತಿರುವ ಎಲೆಕ್ಟ್ರೀಷಿಯನ್‌ನನ್ನು ಕರೆಯಿರಿ, ಅದರಲ್ಲಿ ಮರ್ಯಾದೆ ಹೋಗುವುದಿಲ್ಲ.

ಕೊನೆಯದಾಗಿ, ಮನೆಯಲ್ಲಿ ಇಂಥ ಕೆಲಸದಲ್ಲಿ ಆಸೆ ಇರುವ ಮಕ್ಕಳಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಬಿಡಿ. ಹಾಳಾದರೆ ಹತ್ತು ಸಾವಿರ. ನಮ್ಮ ಮಗಳು ಆ ದಿನ ಕಾಕಾರ ಮುಂದೆ ನಿಂತು “ತಪ್ಪು ನನ್ನದ್ರಿ” ಅಂದದ್ದನ್ನು ಯಾವ ಕಾಲೇಜೂ ಕಲಿಸಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಕಾಕಾರ ಅಂಗಡಿಯಲ್ಲಿ ಹಣ ಎಣಿಸಿಕೊಂಡು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೆವು. ಅವರು ಗಾಡಿಯ ಹತ್ತಿರ ಬಂದು ಕಿಟಕಿಯಿಂದ ತಲೆ ಹಾಕಿ ನೋಡಿದರು.

“ಇವತ್ತ ಯಾವ ತಾರೀಕು ಅಂತೈತಿ ಅದು?”

ಹೇಳಿದೆವು.

ಒಳಗೆ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿ ಬಂದರು. “ಬರೋಬರಿ ಐತಿ” ಅಂದರು. ಈಗ ಪ್ರತಿ ಮಂಗಳವಾರವೂ ಕೇಳುತ್ತಾರೆ. ನಾವೂ ಹೇಳುವ ಮೊದಲು ಒಮ್ಮೆ ನೋಡಿಯೇ ಹೇಳುತ್ತೇವೆ.